ತೂತಿಲ್ಲದ ಗುಂಡಿಗಳು

‘ಗೊತ್ತಿಲ್ಲದ್ದನ್ನು ಗೊತ್ತು ಅಂದುಬಿಟ್ಟೆ.’ ಡೈರಿಯಲ್ಲಿ ಅಷ್ಟು ಬರೆದು ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಮನಸ್ಸು ತಡೆಯದೆ ಮತ್ತೆ ತೆಗೆದು ಕೆಳಗೊಂದು ಸಾಲು ಸೇರಿಸಿದಳು: ‘ಬಾಯಲ್ಲಿ ಅನ್ನಲಿಲ್ಲ. ತಲೆ ಆಡಿಸಿದೆ, ಅಷ್ಟೆ.’

ಕೇಳಿದವರು ಸೋದರಮಾವ. ಇಕ್ಕಟ್ಟು ಬೀದಿಯಲ್ಲಿ ಅವರದು ಬರೀ ಅಂಗಿ ಗುಂಡಿಗಳ ಅಂಗಡಿ. ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರ ಮುಖದ ಮೇಲೂ ಒಳಗಿರುವ ಮಾಲಿನ ಒಂದು ಗುಂಡಿ. ಈಚೆಗೆ ಟೈಲರುಗಳು ಅಂಗಡಿಗೆ ಬರುವ ಬದಲು ಫೋನಿನಲ್ಲೇ ಫೋಟೊ ಕೇಳತೊಡಗಿದ್ದರು.

“ಡಿಗ್ರಿ ಮುಗಿಸ್ಕೊಂಡು ಸುಮ್ನೆ ಮನೇಲಿದೀಯಲ್ಲ, ಫೋಟೊ ತೆಗೆದು ತಿದ್ದೋಕೆ ಗೊತ್ತು ತಾನೆ? ಯಾವ ಸಾಫ್ಟ್‌ವೇರ್ ಹಾಕ್ಕೋಬೇಕು ಅಂತ ನೀನೇ ನೋಡಿ ಹೇಳು. ಜೇಬಿಗೆ ಭಾರ ಆಗ್ಬಾರ್ದು ಮತ್ತೆ. ಶನಿವಾರದ ಹೊತ್ತಿಗೆ ಆಗ್ಲಿಲ್ಲ ಅಂದ್ರೆ ಪಕ್ಕದ ಸ್ಟುಡಿಯೋದವರಿಗೇ ಒಪ್ಪಿಸಿಬಿಡ್ತೀನಿ.”

ಆಗಲೇ ಅವಳು ತಲೆ ಆಡಿಸಿದ್ದು.

ಮೊದಲ ದಿನ ಸ್ಟುಡಿಯೋದವರೇ ಬಂದು ಒಂದು ಸಾಫ್ಟ್‌ವೇರ್ ತೋರಿಸಿದರು. “ನೋಡು ತಂಗಿ, ಇಡೀ ಪ್ರಪಂಚ ಬಳಸೋದು ಇದನ್ನೇ. ತಿಂಗಳು ತಿಂಗಳು ಬಾಡಿಗೆ ಕಟ್ತಾ ಹೋದ್ರೆ ಆಯ್ತು.” ಕಟ್ಟುವುದನ್ನು ನಿಲ್ಲಿಸಿದರೆ ತಿದ್ದಿದ ಫೋಟೊಗಳ ಗತಿ ಏನು? ಪ್ರಶ್ನೆ ಗಂಟಲವರೆಗೆ ಬಂದು, ಕೊನೆಗೆ ಡೈರಿ ಸೇರಿತು. ಅಂಗಡಿಯ ಹಳೇ ಕಂಪ್ಯೂಟರ್ ಅದನ್ನು ತೆರೆಯಲು ಏದುಸಿರು ಬಿಡುತ್ತಿತ್ತು. ಎರಡನೆಯದನ್ನು ಒಮ್ಮೆ ಕೊಂಡರೆ ಸಾಕಿತ್ತು. ಕೊಳ್ಳುವ ಮುಂಚೆ ಹದಿನೈದು ದಿನ ಪರೀಕ್ಷಿಸಿ ನೋಡಬಹುದಿತ್ತು. ಆದರೆ ಉಳಿಸಿದ ಪ್ರತಿ ಫೋಟೊದ ಮೇಲೂ ಅದು ತನ್ನ ಹೆಸರನ್ನು ಅಡ್ಡಡ್ಡ ಬರೆದುಕೊಳ್ಳುತ್ತಿತ್ತು, ಗುಂಡಿಗಿಂತ ದೊಡ್ಡ ಅಕ್ಷರದಲ್ಲಿ. ಮೂರನೆಯದು ಪೂರಾ ಉಚಿತ. ತೆರೆದರೆ ಎಡಕ್ಕೆ ನಲವತ್ತು ಪುಟಾಣಿ ಚಿತ್ರಗಳು. ಯಾವುದು ಯಾತಕ್ಕೆಂದು ತಲೆಬುಡ ತಿಳಿಯದು.

ಬುಧವಾರ ಮಧ್ಯಾಹ್ನ ಆ ಮೂರನೆಯದರಲ್ಲಿ, ತಾನು ಫೋನಿನಲ್ಲಿ ತೆಗೆದಿದ್ದ ಒಂದು ಕಪ್ಪೆಚಿಪ್ಪಿನ ಗುಂಡಿಯ ಫೋಟೊ ತೆರೆದಳು. ಫೋಟೊದಲ್ಲಿ ಅದು ಹಳೇ ಸೋಪಿನ ಚೂರಿನಂತೆ ಮಂಕಾಗಿತ್ತು. ಏನೋ ಒತ್ತಿದಾಗ ಪಕ್ಕದಲ್ಲಿ ಪುಟ್ಟ ಚೌಕಟ್ಟು ತೆರೆದು, ಅದರೊಳಗೆ ಬೆಳಕು ಹೆಚ್ಚುಕಡಿಮೆ ಮಾಡುವ ಒಂದು ಓರೆ ಗೆರೆ ಬಂತು. ಅದರ ನಡುವನ್ನು ಮೌಸಿನಿಂದ ಹಿಡಿದು ಕೊಂಚ ಮೇಲಕ್ಕೆಳೆದಳು. ಗುಂಡಿಯೊಳಗಿಂದ ಬೆಳಕು ಬಂತು. ಗೆರೆಯ ಕೆಳಭಾಗವನ್ನು ತುಸು ಕೆಳಗೆಳೆದಳು. ಅಂಚಿನಲ್ಲಿ ನಸುಗೆಂಪು, ಅದರ ಪಕ್ಕದಲ್ಲಿ ತೆಳು ಹಸಿರು, ನಡುವೆ ಮೋಡದಂಥ ಬಿಳಿ.

“ಅಯ್ಯಬ್ಬಾ!”

“ಏನೇ ಅದು, ಇಲಿ ಬಂತಾ?” ಮಾವ ಗಲ್ಲಾದಿಂದಲೇ ಕೂಗಿದರು.

“ಇಲ್ಲ ಮಾವ.”

ತಂದಿಟ್ಟ ಚಹಾ ಕೆನೆಗಟ್ಟಿತು. ಅವಳು ಊಟಕ್ಕೂ ಏಳಲಿಲ್ಲ. ಮನೆಗೆ ಹೋಗುವಾಗ ಎದುರು ಬಂದವರ ಅಂಗಿ ಗುಂಡಿಗಳನ್ನೇ ದಿಟ್ಟಿಸಿದಳು. ಒಬ್ಬರು ಕೋಟು ಎಳೆದುಕೊಂಡು ಸರಸರನೆ ನಡೆದರು. ಡೈರಿಯಲ್ಲಿ ಆ ದಿನ ಎಂಟು ಪುಟ.

ಶುಕ್ರವಾರ ಅವಳಿಗೆ ಇನ್ನೊಂದು ನಿಧಿ ಸಿಕ್ಕಿತು. ಆ ವಾರ ತೆಗೆದಿಟ್ಟಿದ್ದ ಫೋಟೊಗಳಲ್ಲಿ ಧೂಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ಚುಕ್ಕೆಗಳನ್ನು ತಾನೇ ಹುಡುಕಿ, ಸುತ್ತಲಿನ ಬಣ್ಣದಿಂದ ಮುಚ್ಚುವ ಸೌಕರ್ಯ ಆ ಉಚಿತ ಸಾಫ್ಟ್‌ವೇರಿನಲ್ಲಿತ್ತು, ಅದೂ ನೂರಾರು ಫೋಟೊಗಳಿಗೆ ಒಟ್ಟಿಗೆ. ಮೂಲ ಫೋಟೊಗಳನ್ನು ಬೇರೆ ಇಟ್ಟುಕೊಂಡು, ಮೌಸು ಒತ್ತಿಯೇಬಿಟ್ಟಳು. ಅಂಗಡಿ ಮುಚ್ಚುವ ಹೊತ್ತಿಗೆ ನೂರ ಎಂಬತ್ತು ಫೋಟೊ ಸಿದ್ಧ. ಖುಷಿಯಲ್ಲಿ ಒಂದನ್ನೂ ತೆರೆದು ನೋಡದೆ ಅಷ್ಟನ್ನೂ ಮಾವನ ಫೋನಿಗೆ ಕಳಿಸಿದಳು.

ಶನಿವಾರ ಬೆಳಿಗ್ಗೆ ಅಂಗಡಿ ಹತ್ತುವಾಗಲೇ ನಗು ಕೇಳಿಸಿತು. ಸ್ಟುಡಿಯೋದವರು ಗಲ್ಲಾಕ್ಕೆ ಆನಿಕೊಂಡು, ಮಾವನ ಫೋನು ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು.

“ಬಾ ತಂಗಿ! ಇವನ್ನ ಹೊಲಿಯೋದು ಹೆಂಗೆ? ಗೋಂದು ಹಾಕಿ ಅಂಟಿಸ್ಬೇಕಾ?”

ಅವಳು ಬಗ್ಗಿ ನೋಡಿದಳು. ಬಿಳಿ, ಕೆನೆ, ನೀಲಿ, ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಒಂದರಲ್ಲೂ ತೂತಿರಲಿಲ್ಲ. ದಾರ ಹಾಯುವ ನಾಲ್ಕು ತೂತುಗಳನ್ನೂ ಧೂಳೆಂದುಕೊಂಡು ಅದು ಮುಚ್ಚಿಹಾಕಿತ್ತು.

“ರಾತ್ರಿನೇ ಎಲ್ಲರಿಗೂ ಕಳಿಸಿದ್ದೆ, ಮಾತ್ರೆ ಅಂಗಡಿ ಇಟ್ರಾ ಅಂತ ಒಬ್ಬ ಟೈಲರ್ ಕೇಳ್ದ ಕಣೇ,” ಎಂದ ಮಾವನಿಗೂ ನಗು ತಡೆಯಲಾಗಲಿಲ್ಲ. ಅವಳ ಮುಖ ನೋಡಿ ದನಿ ತಗ್ಗಿಸಿದರು. “ಹೋಗ್ಲಿ ಬಿಡು, ನಿಂದೇನು ತಪ್ಪು? ಬಿಟ್ಟಿ ಸಾಮಾನು, ಅದರ ಹಣೆಬರಹವೇ ಇಷ್ಟು. ಆ ಬಾಡಿಗೇದನ್ನೇ ಹಾಕಿ ಇವರೇ ಮಾಡ್ಕೊಡ್ಲಿ. ನಿನಗೂ ತಾಪತ್ರಯ ತಪ್ಪುತ್ತೆ.”

ತಪ್ಪಿಸಿಕೊಳ್ಳಲು ದಾರಿ ಸಲೀಸಾಗಿತ್ತು. ಬಾಯಿ ತೆಗೆಯುವುದೂ ಬೇಡ, ತಲೆ ಆಡಿಸಿದರೆ ಮುಗಿಯಿತು. ಕುತ್ತಿಗೆ ಆಗಲೇ ಅತ್ತ ವಾಲುತ್ತಿತ್ತು.

ಅವಳು ಒಳಗೆ ಹೋಗಿ ಕಂಪ್ಯೂಟರ್ ಹಾಕಿದಳು. ಅದು ಎಚ್ಚೆತ್ತುಕೊಳ್ಳುವವರೆಗೂ ನಿಂತೇ ಇದ್ದಳು. ಬುಧವಾರ ಕೈಯಾರೆ ತಿದ್ದಿದ ಚಿಪ್ಪಿನ ಗುಂಡಿಯನ್ನು ತೆರೆದು, ಪರದೆ ತುಂಬುವಷ್ಟು ದೊಡ್ಡದು ಮಾಡಿದಳು. ಹಿಂದೆಯೇ ಬಂದ ಮಾವನ ನಗು ನಿಂತಿತು. ಅವರು ಕನ್ನಡಕ ಏರಿಸಿ, ಹೆಬ್ಬೆರಳು ಚಾಚಿ, ಗಾಜಿನ ಮೇಲೆ ಆ ನಸುಗೆಂಪು ಅಂಚನ್ನು ಮೆಲ್ಲಗೆ ಸವರಿದರು.

“ಇದು ನಮ್ಮದೇನೇ?”

ಬಾಗಿಲಲ್ಲಿ ಸ್ಟುಡಿಯೋದವರು ಇನ್ನೂ ನಿಂತಿದ್ದರು.

“ತಪ್ಪು ಅದರದ್ದಲ್ಲ, ನಂದು. ಆದ್ರೂ ಬೇರೆ ಯಾರಿಗೂ ಕೊಡ್ಬೇಡಿ,” ಎಂದಳು. “ಈ ಕೆಲಸ ನನಗೆ ಬೇಕು, ಮಾವ.”