ಭಂಡಾರದ ಗಂಟು

ಹಲ್ಲಿ ಮತ್ತೆ ಮೀಟರಿನ ಗಾಜಿನ ಮೇಲೆ ಬಂದು ಕೂತಿದೆ, ಅದರ ಬಾಲದ ಪಕ್ಕದಲ್ಲೇ ಮುಳ್ಳು ಸೊನ್ನೆ ತೋರಿಸುತ್ತಿದೆ, ಅಂದರೆ ಮಾಕಣಿ ಕಡೆಯ ಲೈನು ಬಂದ್ ಇದೆ, ಇರಲೇಬೇಕು, ಹತ್ತು ಗಂಟೆಗೆ ನನ್ನ ಕೈಯಾರೆ ಬಂದ್ ಮಾಡಿದ್ದೇನೆ, ಆದರೂ ನಾಲ್ಕು ಸಲ ಎದ್ದು ನೋಡಿ ಬಂದೆ, ಐದನೇ ಸಲ ಎದ್ದರೆ ಆಪರೇಟರ್ ದಿಗಂಬರ ನಗುತ್ತಾನೆ — ನಗಲಿ. ಈಗ ಹನ್ನೊಂದೂವರೆ. ಎಂಟು ಕಿಲೋಮೀಟರ್ ಆಚೆ ನಮ್ಮ ವಾಯರಮನ್ ಅಮೋಘಸಿದ್ಧ ಕಾಕಾ ಕಂಬದ ಮೇಲಿದ್ದಾರೆ, ಕೆಳಗೆ ಜೊತೆಗಾರ ಖಂಡೆಪ್ಪ ಇದ್ದಾನೆ, ಇಲ್ಲಿ ಸಬ್‌ಸ್ಟೇಷನ್ನಿನಲ್ಲಿ ಇವರೆಲ್ಲರ ಇಂಜಿನಿಯರ್ ಅನ್ನಿಸಿಕೊಂಡ ನಾನು, ಸಾರಿಕಾ ಮೇಡಂ, ಒಂದು ಹ್ಯಾಂಡಲ್ ನೋಡುತ್ತ ಕೂತಿದ್ದೇನೆ. ಕರಿ ಹ್ಯಾಂಡಲ್. ಅದನ್ನು ತಿರುಗಿಸಿದರೆ ಲೈನಿಗೆ ಕರೆಂಟು. ಇವತ್ತು ಅದರ ಮೇಲೆ ಕಾಕಾನ ಹೆಗಲವಸ್ತ್ರ, ಆ ವಲ್ಲಿ, ಇಲ್ಲ, ನಲವತ್ತೆರಡು ದಿನದಲ್ಲಿ ಇದೇ ಮೊದಲು.

ಕಾಕಾನ ಹೆಗಲ ಮೇಲಿನ ಕೆಂಪು ವಲ್ಲಿ, ಮೂಲೆಯಲ್ಲಿ ಒಂದು ಗಂಟು, ಗಂಟಿನೊಳಗೆ ಬೀರಪ್ಪ ದೇವರ ಅರಿಶಿನ, ಭಂಡಾರ, ಅದರ ಹಳದಿ ಬಟ್ಟೆಯಾಚೆಗೂ ಬಂದಿರುತ್ತದೆ. ಕಂಬ ಹತ್ತಲು ಹೋಗುವ ಮೊದಲು ಅದನ್ನು ಈ ಹ್ಯಾಂಡಲಿಗೆ ಬಿಗಿದು ಕಟ್ಟುತ್ತಿದ್ದರು, ಕೆಲಸ ಮುಗಿಸಿ ಬಂದು ತಾವೇ ಬಿಚ್ಚಿ, ಈಗ ಹಾಕ್ರಿ ಮೇಡಂ, ಅನ್ನುತ್ತಿದ್ದರು. ‘ಕೆಲಸ ನಡೆದಿದೆ’ ಅನ್ನುವ ಬೋರ್ಡು ಪಕ್ಕದಲ್ಲೇ ನೇತಾಡುತ್ತದೆ, ಅದನ್ನು ತೂಗುಹಾಕುವವಳು ನಾನು, ಅದಕ್ಕೇ ಅವರಿಗೆ ಅದು ಸಾಲದು. ಯಾಕೆ ಕಟ್ಟುತ್ತೀರಿ ಅಂತ ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ, ಹೊಲದ ಬದುವಿನ ಜಗಳ ಬೇಲ-ಭಂಡಾರ ಎತ್ತಿಸಿ, ಬಿಲ್ವಪತ್ರೆ-ಅರಿಶಿನ ಮುಟ್ಟಿಸಿ ಆಣೆ ಮಾಡಿಸಿ, ಮುಗಿಸುವುದನ್ನು ನೋಡುತ್ತಲೇ ಬೆಳೆದವಳು ನಾನು, ಅಜ್ಜಿ ರಂಭಾಬಾಯಿ ಹೇಳುತ್ತಿದ್ದಳು, ಭಂಡಾರ ಮುಟ್ಟಿ ಸುಳ್ಳಾಡಿದ್ರ ಮನಿ ಉಳಿಯಂಗಿಲ್ಲವ್ವಾ. ನನ್ನ ಮಾತಿಗೆ ಬೆಲೆ ಇಲ್ಲ ಅಂದಮೇಲೆ ಆ ಮನುಷ್ಯ ದೇವರನ್ನು ತಂದು ಹ್ಯಾಂಡಲಿಗೆ ಕಟ್ಟಿದರು. ಬೈದಿದ್ದರೆ ವಾಸಿಯಿತ್ತು. ಮೊದಲ ದಿನ ಬಚ್ಚಲಿಗೆ ಹೋಗಿ ಅತ್ತು ಬಂದೆ, ಎರಡನೇ ದಿನ ಸಿಟ್ಟು ಬಂತು, ಆಮೇಲೆ ರೂಢಿಯಾಯಿತು.

ಒಂದೂವರೆ ತಿಂಗಳ ಹಿಂದೆ, ಅವತ್ತೂ ಇದೇ ಲೈನು. ಅರ್ಧಾ ತಾಸರಿ ಮೇಡಂ, ಅಂತ ಹೇಳಿ ಕಾಕಾ ಹೋಗಿದ್ದರು, ನಲವತ್ತು ನಿಮಿಷ ಆಗಿತ್ತು, ಮಾಕಣಿ ಡ್ಯಾಮಿನ ಕಡೆ ಫೋನ್ ಹತ್ತುವುದಿಲ್ಲ, ಮೇಲಿನ ಆಫೀಸಿನ ಸಾಹೇಬರು ಮಾತ್ರ ಬಿಡದೆ ಹತ್ತುತ್ತಿದ್ದರು, ನೀರಿನ ಪಂಪು ನಿಂತದ, ಮೇಡಂ, ಚಾಲೂ ಮಾಡ್ರಿ, ಇನ್ನ ಏನ್ ನೋಡ್ತೀರಿ — ಇಳಿದಿರುತ್ತಾರೆ ಅಂದುಕೊಂಡೆ, ಅಂದುಕೊಂಡು ತಿರುಗಿಸಿಬಿಟ್ಟೆ. ಕಂಬದ ಮೇಲೆ ಕಾಕಾನ ಕೈಯಿಂದ ಪಕ್ಕಡ, ತಂತಿ ಹಿಡಿಯುವ ಇಕ್ಕಳ, ಜಾರಿ ಕೆಳಗೆ ಬಿದ್ದಿತ್ತಂತೆ, ಖಂಡೆಪ್ಪ ಬೀಡಿ ತರಲು ಹೋಗಿದ್ದನಂತೆ, ಬೈದುಕೊಂಡು ತಾವೇ ಇಳಿದು ಪಕ್ಕಡ ಎತ್ತಿಕೊಂಡರಂತೆ, ಅಷ್ಟರಲ್ಲಿ ತಲೆಯ ಮೇಲೆ ತಂತಿ ಗುಂಯ್ ಅಂದಿತಂತೆ. ಪಕ್ಕಡ ಜಾರದಿದ್ದರೆ? ಮಾಳವ್ವ, ಅವರ ಹೆಂಡತಿ, ಕುರಿ ಬಿಟ್ಟು ಓಡಿ ಬರುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು, ಏನು ಹೇಳುತ್ತಿದ್ದೆ? ಇಷ್ಟಕ್ಕೇ ನಿಂತಿದ್ದರೂ ಕಾಲಿಗೆ ಬಿದ್ದು ತಪ್ಪಾಯಿತು ಅನ್ನಬಹುದಿತ್ತು, ನಾನು ರಜಿಸ್ಟರ್ ತೆಗೆದು ಬರೆದೆ — ಮೂರು ನಲವತ್ತಕ್ಕೆ ವಾಯರಮನ್ ಫೋನ್ ಬಂತು, ಲೈನ್ ಚಾಲೂ ಮಾಡಲಾಯಿತು. ಸಂಜೆ ಕಾಕಾ ಅದನ್ನು ಬೆರಳಿಟ್ಟು ಓದಿದರು. ನಾ ಫೋನ್ ಮಾಡಿದ್ದಿಲ್ಲರಿ ಮೇಡಂ, ಅಂದರು, ಅಷ್ಟೇ, ಸಹಿ ಹಾಕಿ ಹೋದರು. ಮರುದಿನ ವಲ್ಲಿ ಬಂತು.

ಹೋದ ವಾರ ಲಾತೂರಿನಿಂದ ಒಬ್ಬ ತರಬೇತಿಯವನು ಬಂದು ಟೀಮು, ನಂಬಿಕೆ ಅಂತ ಎರಡು ತಾಸು ಕೊರೆದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಪ್ರತಿ ಮಾತಿಗೂ ಬೆವರುತ್ತ ಕೂತೆ, ಕೊನೆಗೆ ಒಂದು ಆಟ, ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಮೇಡಂ ಹಿಡಿಯುತ್ತಾರೆ, ಕಾಕಾ ಕೈಕಟ್ಟಿ ನಿಂತರು, ನಾ ಬೀಳಂಗಿಲ್ಲರಿ, ಬೀಳೂದು ಅಂದ್ರ ಏನಂತ ನನಗ ಗೊತ್ತದ. ಎಲ್ಲರೂ ನಕ್ಕರು. ನಾನು ಚಾಚಿದ ಕೈ ಹಾಗೇ ಇತ್ತು, ಅದನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಅದಕ್ಕೇ ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ರಜಿಸ್ಟರ್ ತಂದು ಎಲ್ಲರ ಮುಂದೆ ಆ ಸಾಲು ಓದಿದೆ, ಇದು ಸುಳ್ಳು, ಕಾಕಾ ಫೋನ್ ಮಾಡಿರಲಿಲ್ಲ, ನಾ ಕಾಯಲಿಲ್ಲ, ಅಂದೆ, ಕೆಳಗೆ ಹಾಗೆಯೇ ಬರೆದು ಸಹಿ ಮಾಡಿದೆ, ಅಕ್ಷರ ಕೋಳಿ ಕೆದರಿದ ಹಾಗಿದೆ. ಖಂಡೆಪ್ಪ ಚಹಾದ ಬಶಿಯೊಳಗೆ ಮುಖ ಇಟ್ಟುಕೊಂಡ. ನೌಕರಿ ಕಳ್ಕೋತೀರಿ ಮೇಡಂ, ಅಂದ ದಿಗಂಬರ. ಕಾಕಾ ಚಹಾ ಮುಗಿಸಿದರು, ಹ್ಯಾಂಡಲಿನ ಮುಂದೆ ಬಂದು ನಿಂತರು, ವಲ್ಲಿ ಹೆಗಲಿಂದ ತೆಗೆದರು, ಒಂದು ಗಳಿಗೆ ಕೈಯಲ್ಲಿ ಹಿಡಿದರು, ಆಮೇಲೆ ತಲೆಗೆ ಸುತ್ತಿಕೊಂಡರು. ಬಿಸಲ ಭಾಳ ಅದರಿ, ಅಂದರು. ಹೋದರು.

ಫೋನು. ಮತ್ತೆ ಸಾಹೇಬರೇ, ಮೂರನೇ ಸಲ, ನಿಲಂಗಾದವರು, ಕನ್ನಡ ಬರುತ್ತದೆ, ಸಿಟ್ಟು ಏರಿದರೆ ಮರಾಠಿ — ಏಕ ತಾಸ ಮ್ಹಣಾಲಾ ಹೋತಾತ್ ನಾ, ಚಾಲೂ ಕರಾ ಮ್ಯಾಡಮ್! ಒಂದು ತಾಸು ಅಂದಿದ್ದೆನಂತೆ, ಚಾಲೂ ಮಾಡಬೇಕಂತೆ. ಕಾಕಾನ ದನಿ ಕೇಳೋತನಾ ಹಾಕಂಗಿಲ್ಲ ಸರ್, ಅಂದೆ, ನನ್ನ ದನಿಯೇ ಹೌದು. ಇಳದಿರ್ತಾನ, ಅಂದರು. ಅವತ್ತ ನಾನೂ ಹಿಂಗ ಅಂದ್ಕೊಂಡಿದ್ದೆ ಸರ್. ಹಂಗಂದ್ರ ಬರದ ಕೊಡ್ರಿ, ಮುಂದಿಂದು ನಾ ನೋಡ್ಕೋತೀನಿ. ಕೊಡ್ತೀನಿ ಸರ್, ಇವತ್ತಿಂದೂ, ಅವತ್ತಿಂದೂ, ಎರಡೂ. ಕಟ್ ಆಯಿತು. ದಿಗಂಬರ ನಗುತ್ತಿಲ್ಲ, ಕುರ್ಚಿ ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತ. ನೌಕರಿ ಹೋದರೆ ಅಪ್ಪನಿಗೆ ಏನು ಹೇಳಲಿ, ನೋಡೋಣ, ಅದು ನಾಳೆಯ ಮಾತು, ಈಗ ಹನ್ನೆರಡಕ್ಕೆ ಐದು ನಿಮಿಷ, ಕಾಕಾನ ಫೋನ್ ಹತ್ತುತ್ತಿಲ್ಲ, ಹಲ್ಲಿ ಹೋಗಿದೆ, ಮುಳ್ಳು ಸೊನ್ನೆಯಲ್ಲಿದೆ, ವಲ್ಲಿ ಕಟ್ಟಿದ್ದಾಗ ಬೀರಪ್ಪ ಕಾಯುತ್ತಿದ್ದ, ನಾನು ಆರಾಮಾಗಿ ಊಟಕ್ಕೆ ಏಳುತ್ತಿದ್ದೆ, ಇವತ್ತು ನನ್ನೊಬ್ಬಳನ್ನೇ ಇಲ್ಲಿ ಬಿಟ್ಟು ಆ ಮನುಷ್ಯ ಕಂಬ ಹತ್ತಿದ್ದಾರೆ, ಹೆದರಿಕೆಯಾಗುತ್ತಿದೆ, ಖುಷಿಯೂ, ಏಳಲಾರೆ, ನೀರು ಕುಡಿಯಲೂ ಏಳಲಾರೆ — ಬರೀ ಹ್ಯಾಂಡಲ್, ನಲವತ್ತೆರಡು ದಿನ ಗಂಟು ಉಜ್ಜಿದ ಜಾಗದಲ್ಲಿ ಒಂದಿಷ್ಟು ಹಳದಿ ಉಳಿದಿದೆ, ವಲ್ಲಿ ಇಲ್ಲ, ಬರೀ ಹ್ಯಾಂಡಲ್