ಹಂಪಣ್ಣನ ಅಸಲಿ ಎಣ್ಣೆ, ಐದು ತಿಂಗಳ ಕೂಸು

ಮಕ್ತಲದಲ್ಲಿ ಗಾಣದ ಹಂಪಣ್ಣ ಯಾರಿಗೆ ಗೊತ್ತಿಲ್ಲ? ಎಳ್ಳು, ಶೇಂಗಾ, ಕುಸುಬಿ ಏನು ತಂದುಕೊಟ್ಟರೂ ಎಣ್ಣೆ ತೆಗೆದುಕೊಡುವವನು. ಗಾಣದ ಬಾಗಿಲ ಮೇಲೆ ‘ಕಲಬೆರಕೆ ಇಲ್ಲ’ ಎಂದು ಬರೆಸಿದ್ದ. ಪೋಸ್ಟರಿನ ಮೇಲೆ ಹೀರೋ ಹೆಸರು ಸಹ ಅಷ್ಟು ದಪ್ಪ ಇರುವುದಿಲ್ಲ.

ಆದರೆ ಸಂಜೆ ಮೋಟಾರು ಬಂದ್ ಮಾಡಿದ ಕೂಡಲೇ ಅವನ ಮನೆ ಮೂಕಿ ಚಿತ್ರವಾಗಿಬಿಡುತ್ತಿತ್ತು. ಹೆಂಡತಿ ಶಂಕ್ರಮ್ಮ ತೀರಿಕೊಂಡು ವರ್ಷ ದಾಟಿತ್ತು. ಓಣಿಯ ಕೂಸುಗಳಿಗೆಲ್ಲ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದವಳು ಅವಳೇ. ಸ್ವಂತ ಮೊಮ್ಮಗಳಿಗೆ ಎರೆಯಲು ಮಾತ್ರ ಉಳಿಯಲಿಲ್ಲ. ಹಂಪಣ್ಣ ಈಗಲೂ ಮರೆತು ಎರಡು ಲೋಟ ಚಹಾ ಮಾಡುತ್ತಿದ್ದ. ಒಂದನ್ನು ಕುಡಿದು, ಇನ್ನೊಂದು ಆರುವ ತನಕ ನೋಡುತ್ತ ಕೂಡುತ್ತಿದ್ದ. ಜನವೆಲ್ಲ ಎದ್ದುಹೋದ ಟಾಕೀಸಿನಲ್ಲಿ ಒಬ್ಬನೇ ಉಳಿದಂತೆ.

ಒಂದು ದಿನ ಗದ್ವಾಲದಿಂದ ಮಗಳು ಭಾಗ್ಯಜ್ಯೋತಿಯ ಫೋನು ಬಂತು.

“ಅಪ್ಪಾ, ಕೂಸಿನ್ನ ಕರಕೊಂಡು ಒಂದು ತಿಂಗಳು ಇರಾಕ ಬರಬೇಕಂತೀನಿ. ಆದ್ರ ನಮ್ಮತ್ತಿ ಒಪ್ಪವಲ್ರು. ಹೆಣ್ಮಕ್ಕಳಿಲ್ಲದ ಮನ್ಯಾಗ ಕೂಸಿಗೆ ಯಾರು ಎಣ್ಣಿ ಹಚ್ಚತಾರ, ಯಾರು ಎರೀತಾರ ಅಂತಾರ. ಐತವಾರ ತಾವೂ ಬರತಾರಂತ. ಸರಿ ಅನಿಸಿದ್ರ ನಮ್ಮನ್ನ ಬಿಟ್ಟು ಹೋಗತಾರ. ಇಲ್ಲಂದ್ರ ಸಂಜಿ ಬಸ್ಸಿಗೆ ವಾಪಸ್.”

“ನಾ ಅದೀನಲ್ಲ! ಫಿಕರ್ ಮಾಡಬ್ಯಾಡ!” ಎಂದ ಹಂಪಣ್ಣ. ಎದೆ ತಟ್ಟಿಕೊಂಡು ಹೊಡೆದ ಡೈಲಾಗು. ಫೋನಿಟ್ಟ ಮೇಲೆ ತನ್ನ ಎರಡೂ ಕೈ ನೋಡಿಕೊಂಡ. ಅವನು ಜೀವಮಾನದಲ್ಲಿ ಕೂಸಿಗೆ ಎಣ್ಣೆ ಹಚ್ಚಿದವನೇ ಅಲ್ಲ.

ಶನಿವಾರ ಬೆಳಿಗ್ಗೆ ಒಬ್ಬ ಮಾರಾಟಗಾರನ ಎಂಟ್ರಿ ಆಯಿತು. ಹೆಗಲಿಗೆ ಚೀಲ, ಕಣ್ಣಿಗೆ ಕೂಲಿಂಗ್ ಗ್ಲಾಸು.

“ಯಜಮಾನ್ರ, ಅಸಲಿ ನೀಲಗಿರಿ ಎಣ್ಣಿ! ಮನಿ ಘಮ್ ಅಂತೈತಿ. ಕೂಸಿನ ಎದಿಗೆ ತಿಕ್ಕಿದ್ರ ನೆಗಡಿ, ಕೆಮ್ಮು, ಅಳು ಎಲ್ಲಾ ಮಾಯ!”

ಎರಡನೇ ಲೋಟದ ಚಹಾ ಅವತ್ತು ಆ ಮಾರಾಟಗಾರ ಕುಡಿದ. ಗೋಡೆಯ ಮೇಲಿನ ಫೋಟೋ ನೋಡಿ ಶಂಕ್ರಮ್ಮನ ಬಗ್ಗೆ ಕೇಳಿದ. ಎಷ್ಟೋ ದಿನದ ಮೇಲೆ ಯಾರೋ ಅವಳ ಮಾತು ಎತ್ತಿದ್ದರು. ಹಂಪಣ್ಣ ಬಾಟಲಿ ಕೊಂಡೇಬಿಟ್ಟ. ಗಾಣದವನಿಗೇ ಎಣ್ಣೆ ಮಾರಿ ಹೋದ, ಪುಣ್ಯಾತ್ಮ!

ಕೂಸಿಗೆ ಹಚ್ಚುವ ಮೊದಲು ತಾನೇ ನೋಡಬೇಕಲ್ಲ? ಹಂಪಣ್ಣ ಅಂಗೈಗೆ ಸುರಿದುಕೊಂಡು ಕುತ್ತಿಗೆಗೆ ತಿಕ್ಕಿದ. ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿಯಿತು. ‘ಉರೀತೈತಿ ಅಂದ್ರ ಖರೇ ಮಾಲು’ ಎಂದು ಖುಷಿಪಟ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಈಶ್ವರಿ ಬಂದಳು. ಅವಳು ಆ ಓಣಿಯ ಆಶಾ ಕಾರ್ಯಕರ್ತೆ.

“ಕಾಕಾ, ಭಾಗ್ಯಗ ಕೂಸಿನ ಲಸಿಕಿ ಕಾರ್ಡು ತರಾಕ ಹೇಳ್ರಿ... ಅಯ್ಯ, ಕುತ್ತಿಗಿಗೇನಾತು? ವಿಲನ್ ಹಿಡಿದು ಹಿಚುಕಿದಂಗ ಕಾಣತೈತಿ!”

“ಏ ಹುಚ್ಚವ್ವ, ಅದು ಎಣ್ಣಿ ಪವರ್. ನಾಳಿ ಮೊಮ್ಮಗಳ ಎದಿಗೆ ಹಚ್ಚಾಕ ತಗೊಂಡೀನಿ.”

ಈಶ್ವರಿಯ ನಗು ನಿಂತಿತು. ಬಾಟಲಿ ಎತ್ತಿ ಮೂಸಿದಳು. “ಏನೂ ಬೆರಸದ ಬರೇ ಇದನ್ನ ಹಚ್ಚಿದ್ರೇನು?”

“ಬೆರಸೋದಾ? ನಾನಾ? ಬಾಗಲ ಮ್ಯಾಲಿನ ಬೋರ್ಡು ಓದಿಲ್ಲೇನು?”

ಈಶ್ವರಿ ವಾದಕ್ಕೆ ನಿಲ್ಲಲಿಲ್ಲ. ಹತ್ತಿಯನ್ನು ಎಳ್ಳೆಣ್ಣೆಯಲ್ಲಿ ಅದ್ದಿ ಅವನ ಕುತ್ತಿಗೆ ಒರೆಸಿದಳು. ಆಮೇಲೆ ಸೋಪು ಹಚ್ಚಿ ತೊಳೆಯಲು ಹೇಳಿದಳು. “ಬರೇ ನೀರು ಹಾಕಿದ್ರ ಇದು ಹೋಗಂಗಿಲ್ಲ ಕಾಕಾ.” ಉರಿ ಮೆಲ್ಲಗೆ ಇಳಿಯಿತು. ಹಂಪಣ್ಣನ ಬಾಯಿ ಮಾತ್ರ ಇಳಿಯಲಿಲ್ಲ.

“ಎಣ್ಣಿ ಅಂದ್ರ ಎಣ್ಣೀನ ಅಲ್ಲೇನವ್ವ?”

“ಅಲ್ರೀ ಕಾಕಾ. ನಿಮ್ಮದು ಕಾಳು ಅರೆದು ತೆಗೆದ ಎಣ್ಣಿ. ಇದು ಎಲಿ ಬೇಯಿಸಿ, ಆವಿ ಹಿಡಿದು ಇಳಿಸಿದ ಘಾಟು. ಒಂದು ಬುಟ್ಟಿ ಎಲಿ ಘಾಟೆಲ್ಲ ಈ ಸಣ್ಣ ಬಾಟ್ಲಿದಾಗ ಐತಿ. ಇದಕ್ಕ ಎಸೆನ್ಶಿಯಲ್ ಆಯಿಲ್ ಅಂತಾರ. ಅದನ್ನ ಮೈಗೆ ಹಚ್ಚಬೇಕಂದ್ರ ಹೊರಾಕ ಇನ್ನೊಂದು ಎಣ್ಣಿ ಬೇಕು. ಎಳ್ಳೆಣ್ಣಿ, ಕೊಬ್ರಿ ಎಣ್ಣಿ ಅಂಥವು. ಅದು ಕ್ಯಾರಿಯರ್ ಆಯಿಲ್.”

“ಹಮಾಲಿ ಎಣ್ಣಿ ಅನ್ನು.”

“ಹಮಾಲೀನ ಅನ್ರಿ. ಹಮಾಲಿ ಇಲ್ಲದ ಮೂಟಿ ಎತ್ತಿದ್ರ ಕುತ್ತಿಗಿ ಹಿಂಗ ಆಗತೈತಿ.”

“ಏನರ ಹೇಳು, ಬೆರಸಿದ್ರ ಕಲಬೆರಕೀನ.”

“ಕದ್ದು ಬೆರಸೋದು ಕಲಬೆರಕಿ ಕಾಕಾ. ಅಳತಿ ನೋಡಿ ಬೆರಸೋದು ಅಡಗಿ. ಖಾರಪುಡಿ ಅಸಲಿ ಐತಂತ ಚಮಚಾದಾಗ ತಿಂತೀರೇನು?”

ಹಂಪಣ್ಣ ತಲೆ ಕೆರೆದುಕೊಂಡ. “ಹಂಗಾದ್ರ ಕೂಸು ಎರಿಯೋ ನೀರಾಗ ನಾಕು ಹನಿ ಹಾಕತೀನಿ. ತೆಳ್ಳಗ ಆಗತೈತಿ.”

“ಎಣ್ಣಿ ನೀರಾಗ ಕರಗತೈತೇನು? ಗಾಣದವರು ನೀವ ಹೇಳ್ರಿ.”

“ಇಲ್ಲ... ತೇಲತೈತಿ.” ಅವನ ದನಿ ಸಣ್ಣಗಾಯಿತು. “ತೇಲಿ ಸೀದಾ ಕೂಸಿನ ಮೈಗೆ ಹತ್ತತೈತಿ.” ಆದರೂ ಬಿಡಲಿಲ್ಲ, “ಎಳ್ಳೆಣ್ಣ್ಯಾಗ ಬೆರಸತೀನಿ ತಗೋ. ಎಷ್ಟು ಹನಿ?”

“ದೊಡ್ಡವರಿಗೆ ಸಣ್ಣ ಚಮಚಾ ಎಣ್ಣಿಗೆ ಒಂದು ಹನಿ, ಭಾಳಂದ್ರ ಎರಡು. ಮೊದಲು ಮುಂಗೈ ಒಳಗ ಚೂರು ಹಚ್ಚಿ ಒಂದು ದಿನ ನೋಡಬೇಕು. ಕೆಂಪಾದ್ರ, ತುರಿಸಿದ್ರ ಬಿಟ್ಟುಬಿಡಬೇಕು.”

“ಕೂಸಿಗೆ?”

“ಸೊನ್ನಿ.”

“ಅರ್ಧ ಹನಿ?”

“ಸೊನ್ನಿ ಕಾಕಾ. ಅಷ್ಟು ಸಣ್ಣ ಕೂಸಿನ ಎದಿಗೆ, ಮೂಗಿಗೆ ನೀಲಗಿರಿ ಹಚ್ಚಿದ್ರ ಉಸಿರು ಕಟ್ಟಬಹುದು. ಹೊಟ್ಟಿಗೆ ಹೋತಂದ್ರ ಫಿಟ್ಸ್ ಬರಬಹುದು.”

ಹಂಪಣ್ಣ ಹಿಂಡಿ ಚೀಲದ ಮೇಲೆ ಕೂತ.

“ಮತ್ತ ಬೀಗ್ತಿಗೆ ಏನು ತೋರಸಲವ್ವ? ಈ ಮನ್ಯಾಗ ಶಂಕ್ರಮ್ಮನ ವಾಸನಿ ಸೈತ ಉಳಿದಿಲ್ಲ. ಆಕಿ ಸೀರಿ ಮೂಸಿದ್ರ ಬರೇ ಪೆಟಿಗಿ ವಾಸನಿ ಬರತೈತಿ. ಏನರ ಘಮ್ ಅಂದ್ರ ಮನಿ ತುಂಬಿದಂಗ ಕಾಣತೈತಿ ಅಂದ್ಕೊಂಡಿದ್ದೆ.”

ಈಶ್ವರಿ ಬಾಟಲಿಯ ಮುಚ್ಚಳ ಬಿಗಿಮಾಡಿ ಮೇಲಿನ ಗೂಡಿನಲ್ಲಿಟ್ಟಳು.

“ಕಾಕಾ, ಒಂದು ದಿಂಬು ತರ್ರಿ. ಅದ ನಿಮ್ಮ ಮೊಮ್ಮಗಳು.”

ರಿಹರ್ಸಲ್ ಶುರುವಾಯಿತು. ಕಾಲು ನೀಡಿ ಕೂಡುವುದು, ದಿಂಬಿನ ‘ತಲೆ’ಗೆ ಕೈ ಆಸರೆ ಕೊಡುವುದು, ಬೆಚ್ಚಗಿನ ಎಳ್ಳೆಣ್ಣೆಯನ್ನು ಮೊದಲು ತನ್ನ ಕೈಮೇಲೆ ಹಾಕಿ ನೋಡುವುದು. “ಮೆಲ್ಲಗ್ರೀ! ಹಿಟ್ಟು ನಾದಿದಂಗಲ್ಲ. ಕಿವಿ, ಮೂಗಿನಾಗ ಎಣ್ಣಿ ಬಿಡಬ್ಯಾಡ್ರಿ. ಕೈಕಾಲು ಎಳಿಬ್ಯಾಡ್ರಿ.” ದಿಂಬು ಎರಡು ಸಲ ಜಾರಿ ಕೆಳಗೆ ಬಿತ್ತು. ದಿಂಬು ಅಂತ ಬಚಾವ್. ಈಶ್ವರಿ ಹೋದ ಮೇಲೂ ಹಂಪಣ್ಣ ಒಬ್ಬನೇ ಆ ದಿಂಬನ್ನು ತೊಡೆಯ ಮೇಲೆ ಹಾಕಿಕೊಂಡು, “ಅಳಬ್ಯಾಡವ್ವ, ಆತು, ಆತು” ಎನ್ನುತ್ತ ಎಣ್ಣೆ ತೀಡುತ್ತಿದ್ದ.

ಐತವಾರ ಭಾಗ್ಯಜ್ಯೋತಿ ಬಂದಳು. ಹಿಂದೆಯೇ ಅತ್ತೆ ಗುರಮ್ಮ, ಪೊಲೀಸ್ ಪಾತ್ರದ ಮುಖ ಮಾಡಿಕೊಂಡು. ಮನೆ ನೋಡಿದಳು, ಬಚ್ಚಲು ನೋಡಿದಳು. “ಹಚ್ರಿ ನೋಡೋಣು” ಎಂದು ಕೂಸನ್ನು ಬೀಗನ ಕಾಲ ಮೇಲೆ ಮಲಗಿಸಿದಳು.

ಹಂಪಣ್ಣ ಬೆಚ್ಚಗಿನ ಎಳ್ಳೆಣ್ಣೆಯನ್ನು ಮೊದಲು ತನ್ನ ಕೈಮೇಲೆ ಹಾಕಿ ನೋಡಿ, ಆಮೇಲೆ ಕೂಸಿಗೆ ಹಚ್ಚಿದ. ಕೂಸು ಮೊದಲು ತುಟಿ ಮುಂದೆ ಮಾಡಿತು. ಆಮೇಲೆ ಅವನ ಮೀಸೆ ಹಿಡಿದುಕೊಂಡಿತು.

ಗುರಮ್ಮ ಬಗ್ಗಿ ಮೂಸಿದಳು. “ಬೀಗರ, ಘಮಾನ ಇಲ್ಲಲ್ರೀ? ಏನರ ನೀಲಗಿರಿ ಗೀಲಗಿರಿ ಹಾಕಬಾರದಿತ್ತಾ?”

“ಕೂಸಿಗೆ ಕೂಸಿನ ವಾಸನೀನ ಸಾಕ್ರಿ ಬೀಗ್ತೇರ.” ಹಂಪಣ್ಣ ಟವೆಲ್ ಸರಿಸಿ ಕುತ್ತಿಗೆ ತೋರಿಸಿದ. “ಆ ಎಣ್ಣಿ ಈ ದಪ್ಪ ಚರ್ಮಕ್ಕ ಇಷ್ಟು ಮಾಡೈತಿ. ನಿಮ್ಮ ಮೊಮ್ಮಗಳ ಚರ್ಮ ಎಷ್ಟು ತೆಳ್ಳಗ ಐತಿ ನೋಡ್ರಿ.”

ಗುರಮ್ಮ ಆ ಕೆಂಪು ಬರೆಯನ್ನು ನೋಡಿದಳು. ಕೂಸಿನ ಎದೆಯ ಮೇಲೆ ಬೆರಳಾಡಿಸಿದಳು. ಕಡೆಗೆ ಸೊಸೆಯ ಕಡೆ ತಿರುಗಿದಳು.

“ಸಂಜಿ ಬಸ್ಸು ಎಷ್ಟಕ್ಕ ಐತಿ? ನಾ ಒಬ್ಬಾಕೀನ ಹೋಗತೀನಿ.”

ಹಂಪಣ್ಣ ಕೂಸಿನ ನೆತ್ತಿಗೆ ಮೂಗು ಇಟ್ಟು ಬಹಳ ಹೊತ್ತು ಕೂತ. ಒಂದು ತಿಂಗಳು ಕಳೆದರೆ ಮತ್ತೆ ಒಬ್ಬನೇ ಎಂಬುದು ಅವನಿಗೂ ಗೊತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ಘಮಘಮ ಎನ್ನುವುದೆಲ್ಲ ಮೈಗೆ ಹಚ್ಚುವುದಲ್ಲ. ಘಾಟಿನ ಎಣ್ಣೆಯನ್ನು ಹಚ್ಚುವುದಾದರೆ ದೊಡ್ಡವರು ಮಾತ್ರ, ಎಳ್ಳೆಣ್ಣೆಯಲ್ಲೋ ಕೊಬ್ಬರಿ ಎಣ್ಣೆಯಲ್ಲೋ ಹನಿ ಲೆಕ್ಕದಲ್ಲಿ ಬೆರೆಸಿ ಹಚ್ಚಿರಿ. ಬಸುರಿಯರು, ದಮ್ಮು ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಮನೆ ಘಮ್ ಎನ್ನಬೇಕೆಂದರೆ ಬಿಸಿನೀರಿನ ಬಟ್ಟಲಿಗೆ ಎರಡು ಹನಿ ಸಾಕು, ಆದರೆ ಕಿಟಕಿ ತೆರೆದಿರಲಿ, ಕೂಸು ಆ ಕೋಣೆಯಲ್ಲಿ ಬೇಡ. ಬಾಟಲಿ ಮಕ್ಕಳ ಕೈಗೆ ಸಿಗದಂತೆ, ಒಲೆಯಿಂದ ದೂರ ಇಡಿ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು. ನಿಮ್ಮ ಓಣಿಯಲ್ಲಿ ಒಬ್ಬರೇ ಇರುವವರ ಮನೆ ಒಂದಾದರೂ ಇದ್ದೇ ಇರುತ್ತದೆ. ಇವತ್ತೇ ಹೋಗಿ, ಅವರ ಎಣ್ಣೆ, ಔಷಧಿ ಬಾಟಲಿ ಮೇಲಿನ ಚೀಟಿ ಓದಿ ಹೇಳಿ. ಓದಿದ ಮೇಲೂ ಜರಾ ಹೊತ್ತು ಕೂತು ಬನ್ನಿ.