ಕೊನೆಯ ಬೆಸುಗೆ

ಬೆಳಗ್ಗೆ ಹನ್ನೊಂದು ಗಂಟೆಗೆ, ಗೂಳಿ ಎಂದೇ ಪೇಟೆ ಕರೆಯುವ ಆಸಾಮಿ ಅಂಗಡಿಯ ಬಾಗಿಲನ್ನು ಒದ್ದು ಒಳಗೆ ಬಂದಾಗ ಅವಳು ಕಂಪ್ಯೂಟರಿನ ಒಂದು ಫ್ಯಾನಿನ ಮೂಲೆಗೆ ತೂತು ಕೊರೆಯುತ್ತಿದ್ದಳು. ಅದು ಹೊರಗಿನಿಂದ ಎಳೆದರೆ ತೆರೆಯುವ ಬಾಗಿಲು. ಹಾಗೆಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆದೂ ಇತ್ತು. ಗೂಳಿಗೆ ಓದುವಷ್ಟು ವ್ಯವಧಾನ ಇರಲಿಲ್ಲ. ಒದೆತಕ್ಕೆ ಮೇಲಿನ ತಿರುಗಣಿ ಕಿತ್ತು, ಬಾಗಿಲು ಒಳಮುಖವಾಗಿ ಬಾಗಿ, ಅವನು ಒಳಗೆ ಕಾಲಿಟ್ಟ ಮೇಲೆ ಚೌಕಟ್ಟಿಗೆ ಓರೆಯಾಗಿ ಸಿಕ್ಕಿಕೊಂಡಿತು. ಅವನು ಎರಡು ಕೈಯಲ್ಲೂ ತಬ್ಬಿ ತಂದಿದ್ದ ಕಂಪ್ಯೂಟರನ್ನು ಮೇಜಿನ ಮೇಲೆ ಕುಕ್ಕಿದ. ಅದರ ಪಕ್ಕದ ಗಾಜು ಪುಡಿಯಾಗಿ ಅವಳ ಮಡಿಲಿಗೆ ಬಿತ್ತು.

ಎದುರಂಗಡಿಯವನು ಇಣುಕಿ ನೋಡಿ, ಸದ್ದಿಲ್ಲದೆ ತನ್ನ ಷಟರ್ ಅರ್ಧಕ್ಕೆ ಇಳಿಸಿದ. ಬೆಕ್ಕಿಗೆ ಗಂಟೆ ಕಟ್ಟುವವರು ಆ ಗಲ್ಲಿಯಲ್ಲಿ ಯಾರೂ ಇರಲಿಲ್ಲ.

ಆ ಗಲ್ಲಿಯಲ್ಲಿ ಕಂಪ್ಯೂಟರ್ ಅಂಗಡಿಗಳು ಮೂವತ್ತಿದ್ದವು. ಈ ಅಂಗಡಿಯ ಕೆಲಸ ಮಾತ್ರ ಒಂದೇ, ಫ್ಯಾನಿಗೆ ದೀಪ ಕೂರಿಸುವುದು. ಕಂಪ್ಯೂಟರಿನ ಹೊಟ್ಟೆಯೊಳಗೆ ಅಂಗೈಯಗಲದ ಕರಿ ಫ್ಯಾನುಗಳು ದಿನವಿಡೀ ತಿರುಗಿ ಬಿಸಿಯನ್ನು ಹೊರಗೆ ತಳ್ಳುತ್ತವೆ, ಅವುಗಳ ಮುಖವನ್ನು ಯಾರೂ ನೋಡುವುದಿಲ್ಲ. ನೋಡಲಿ ಅನ್ನುವವರು ಇಲ್ಲಿಗೆ ಬರುತ್ತಿದ್ದರು. ಚೌಕಟ್ಟಿನ ನಾಲ್ಕು ಮೂಲೆಗೆ ನಾಲ್ಕು ತೂತು, ತೂತಿಗೊಂದು ಕಾಳಿನಷ್ಟು ಎಲ್‌ಇಡಿ, ಅದು ಸುಟ್ಟುಹೋಗದಂತೆ ತಡೆಯಲು ಒಂದು ರೆಸಿಸ್ಟರ್, ಆಮೇಲೆ ಬೆಸುಗೆ. ವೈರು ರೆಕ್ಕೆಗೆ ತಾಗದಂತೆ ಅಂಚಿನಲ್ಲೇ ಹಾಯಬೇಕು. ಎಲ್ಲ ಸರಿಯಾದರೆ, ತಿರುಗುವ ರೆಕ್ಕೆಗಳು ಒಂದು ಬೆಳಕಿನ ತಟ್ಟೆಯ ಹಾಗೆ ಕಾಣುತ್ತವೆ.

ಬೋರ್ಡಿನ ಮೇಲೆ ಇದ್ದದ್ದು ಅವಳ ಗಂಡನ ಬಿರುದು, ಮಾಸ್ಟರ್. ಇಡೀ ಪೇಟೆ ಅವನನ್ನು ಹಾಗೇ ಕರೆಯುತ್ತಿತ್ತು. ಕೆಲಸ ಮಾತ್ರ ಅವಳದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಈ ಅಂಗಡಿಯಲ್ಲಿ ಕೆಸರಾದ ಕೈ ಒಬ್ಬರದು, ಮೊಸರು ತಿಂದ ಬಾಯಿ ಇನ್ನೊಬ್ಬರದು.

ಹಾಗಂತ ಮಾಸ್ಟರ್ ಸುಳ್ಳುಗಾರನಲ್ಲ. ಸುಳ್ಳು ಹೇಳಿದರೆ ನಾಲಗೆಗೆ ಹುಳ ಬೀಳುತ್ತದೆ ಎಂದು ಅವನ ತಾಯಿ ಚಿಕ್ಕಂದಿನಲ್ಲಿ ಹೆದರಿಸಿದ್ದಳು, ಆ ಭಯ ಇನ್ನೂ ಹೋಗಿರಲಿಲ್ಲ. ಅದಕ್ಕವನು ಒಂದು ಉಪಾಯ ಹುಡುಕಿಕೊಂಡಿದ್ದ. ಪ್ರತಿ ಕೆಲಸದಲ್ಲೂ ಕೊನೆಯ ಒಂದು ಬೆಸುಗೆಯನ್ನು ಅವಳು ಅವನಿಗೆಂದು ಬಿಡಬೇಕು. ಅವನು ಬಂದು, ಅಂಗಿಯ ತೋಳು ಮಡಚಿ, ಆ ಒಂದು ಚುಕ್ಕೆ ಹಾಕಿ, ಉಫ್ ಎಂದು ಊದಿ, ಎದ್ದು ನಿಂತು ಗಿರಾಕಿಗೆ ಹೇಳುತ್ತಿದ್ದ: "ನನ್ನ ಕೈಯಾರೆ ಮಾಡಿದ್ದು." ಹನ್ನೊಂದು ವರ್ಷದಿಂದ ಇದೇ ನಡೆದು ಬಂದಿತ್ತು.

ಹೋದ ವಾರ ಗೂಳಿ ತಂದುಕೊಟ್ಟಿದ್ದ ಕಂಪ್ಯೂಟರಿನಲ್ಲಿ ನಾಲ್ಕು ಫ್ಯಾನು, ಹದಿನಾರು ಕೆಂಪು ದೀಪ. ಗೂಳಿ ಅಂದರೆ ಮೇಲಿನ ಬೀದಿಯಲ್ಲಿ ಕಂಪ್ಯೂಟರ್ ಆಟದ ಹಾಲ್ ಇಟ್ಟುಕೊಂಡವನು. ಅವನ ಎದುರು ಗೆದ್ದವರು ಕುಂಟುತ್ತಾ ಮನೆಗೆ ಹೋಗುತ್ತಾರೆ ಎಂಬ ಖ್ಯಾತಿ ಇತ್ತು. ಕಣ್ಣಿಗೆ ಚುಚ್ಚಿದರೆ ಬೆಳಕು ಸಣ್ಣ ಮಾಡಲು ಒಂದು ರೆಗ್ಯುಲೇಟರೂ ಬೇಕೆಂದಿದ್ದ. ಕರೆಂಟು ತರುವ ಹಳದಿ ವೈರು ಒಂದು ಕಡೆ ಕವಲಾಗುತ್ತದೆ, ಒಂದು ಕವಲು ಫ್ಯಾನಿಗೆ, ಇನ್ನೊಂದು ದೀಪಕ್ಕೆ. ರೆಗ್ಯುಲೇಟರ್ ದೀಪದ ಕವಲಿನಲ್ಲೇ ಕೂರಬೇಕು. ಮಾಸ್ಟರಿಗೆಂದು ಬಿಟ್ಟಿದ್ದ ಕೊನೆಯ ಬೆಸುಗೆ ಅದೇ. ಅವನು ಗೂಳಿಯ ಜೊತೆ ಹರಟುತ್ತಲೇ ವೈರು ಕತ್ತರಿಸಿ, ಅದನ್ನು ಕವಲಿಗಿಂತ ಹಿಂದೆ ಕೂರಿಸಿದ. ದೀಪ ಸಣ್ಣ ಮಾಡಿದರೆ ಇನ್ನು ಫ್ಯಾನೂ ನಿಧಾನವಾಗುತ್ತದೆ.

ಅವಳು ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಹಿಂದಿನ ತಿಂಗಳು ಗಿರಾಕಿಯ ಎದುರು ಅವನನ್ನು ತಿದ್ದಿದ್ದಕ್ಕೆ, ಗಿರಾಕಿ ಹೋದಮೇಲೆ ಪರದೆಯ ಹಿಂದೆ ಕಪಾಳಕ್ಕೆ ಬಿದ್ದಿತ್ತು. ಮೂರು ದಿನ ಕಿವಿಯಲ್ಲಿ ಸೀಟಿ ಹೊಡೆದಂತಾಗಿತ್ತು. ಹಾಳಾಗಿ ಹೋಗಲಿ ಎಂದುಕೊಂಡಳು. ಹಾಳಾಗುವುದು ಯಾರು ಎಂದು ಯೋಚಿಸಲಿಲ್ಲ.

ನಿನ್ನೆ ಅವನ ಹಾಲ್‌ನಲ್ಲಿ ಆಟದ ಪಂದ್ಯದ ಕೊನೆಯ ಸುತ್ತು. ಬೀದಿಯವರೆಲ್ಲ ದೊಡ್ಡ ಪರದೆಯ ಮುಂದೆ ಸೇರಿದ್ದರು. ಕೆಂಪು ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಗೂಳಿ ರೆಗ್ಯುಲೇಟರ್ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂದು, ಪರದೆ ಕಪ್ಪಾಯಿತು. ಹಿಂದಿನಿಂದ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

"ನಕ್ಕರು ಕಣೋ!" ಎಂದ ಗೂಳಿ ಈಗ, ಮೂಲೆಯ ಸ್ಟೂಲಿನಿಂದ ಎದ್ದ ಮಾಸ್ಟರನ ಅಂಗಿ ಹಿಡಿದು. "ನನ್ನ ಹಾಲ್‌ನಲ್ಲಿ, ನನ್ನ ಮುಂದೇನೇ ನಕ್ಕರು!"

ಮೊದಲ ಹೊಡೆತಕ್ಕೆ ಮಾಸ್ಟರನ ತುಟಿ ಒಡೆಯಿತು. ಎರಡನೆಯದಕ್ಕೆ ಅವನು ಬೀರುವಿಗೆ ಬಡಿದು ಕೆಳಗೆ ಕುಳಿತ. ಸ್ಕ್ರೂ ತುಂಬಿದ ಡಬ್ಬಗಳು ಅವನ ತಲೆಯ ಮೇಲೆ ಸುರಿದವು. ಗೂಳಿ ಗೋಡೆಯ ಮೊಳೆಯಿಂದ ಸುತ್ತಿಗೆ ತೆಗೆದು ತೂಗಿ ನೋಡಿದ.

"ಇದು ಯಾರ ಕೈಕೆಲಸ? ಆ ಕೈ ನನಗೆ ಬೇಕು. ಬಲಗೈ."

ಹನ್ನೊಂದು ವರ್ಷ ಸರಾಗವಾಗಿ ಬಂದ ಮಾತು ಆಗ ಮಾಸ್ಟರನ ಬಾಯಿಗೆ ಬರಲಿಲ್ಲ.

"ಅವಳದು," ಎಂದು ಬೆರಳು ತೋರಿಸಿದ. "ಎಲ್ಲಾನೂ ಅವಳೇ ಮಾಡೋದು ಗೂಳಿಯಣ್ಣ. ನಾನು ಬರೀ ಗಿರಾಕಿ ಮಾತಾಡಿಸೋನು. ಬೇಕಾದ್ರೆ ಆಣೆ ಇಡ್ತೀನಿ."

ಈ ಮಾತು ಕೇಳಬೇಕೆಂದು ಅವಳು ಎಷ್ಟು ಸಲ ಆಸೆಪಟ್ಟಿದ್ದಳೋ. ಪಾತ್ರೆ ತಿಕ್ಕುವಾಗ, ಬಟ್ಟೆ ಹಿಂಡುವಾಗ, ಅವನು ಯಾರ ಮುಂದೆ ಹೀಗೆ ಹೇಳಿದರೆ ಚೆನ್ನ ಎಂದು ಜನರನ್ನು ಆರಿಸಿ ಆರಿಸಿ ಕಲ್ಪಿಸಿಕೊಂಡಿದ್ದಳು. ಈಗ ಕೇಳಿದಾಗ ಇಂಥವನ ಜೊತೆ ಹನ್ನೊಂದು ವರ್ಷ ಒಂದೇ ತಟ್ಟೆಯಲ್ಲಿ ಉಂಡೆನಲ್ಲ ಎಂದು ಅಸಹ್ಯವಾಯಿತು.

ಗೂಳಿ ಅವಳ ಕಡೆ ತಿರುಗಿದ. ದನಿ ಇಳಿಸಿ, ಮರ್ಯಾದೆಯಿಂದಲೇ ಹೇಳಿದ: "ಅಕ್ಕ, ಬನ್ನಿ ಇಲ್ಲಿ."

ಅವಳು ಬರಲಿಲ್ಲ. ಅವನು ಮಣಿಕಟ್ಟು ಹಿಡಿದು ಎಳೆದ. ಮೇಜಿನ ಅಂಚಿಗೆ ಬಿಗಿದ ವೈಸು ಇತ್ತು, ಕೊರೆಯುವಾಗ ಫ್ಯಾನು ಅಲುಗದಂತೆ ಹಿಡಿಯುವ ಕಬ್ಬಿಣದ ದವಡೆ. ಅದರೊಳಗೆ ಅವಳ ಬಲಗೈಯ ಬೆರಳುಗಳನ್ನು ತೂರಿಸಿ ಹಿಡಿ ತಿರುಗಿಸಿದ. ಒಂದು ಸುತ್ತು. ಇನ್ನೊಂದು ಸುತ್ತು. ತೋರುಬೆರಳಿನ ಉಗುರಿನ ಕೆಳಗೆ ರಕ್ತ ಕಪ್ಪಗೆ ಸೇರಿಕೊಂಡಿತು. ಅವಳು ಕಿರುಚಿದಳು. ಗಂಡ ಗೋಡೆಯ ಕಡೆ ಮುಖ ಮಾಡಿದ.

ಅವಳಿಗೆ ಇದ್ದದ್ದು ಆ ಕೈ ಒಂದೇ. ಓದಿಲ್ಲ, ತವರಿಲ್ಲ, ಮಾತಿನ ಚಾತುರ್ಯವಿಲ್ಲ. ಅಕ್ಕಿಕಾಳಿನಷ್ಟು ಜಾಗದಲ್ಲಿ ನಡುಗದೆ ನಿಲ್ಲುವ ಆ ಬೆರಳುಗಳನ್ನು ಬಿಟ್ಟರೆ ತನ್ನದೆನ್ನಲು ಏನೂ ಇರಲಿಲ್ಲ.

ಗೂಳಿ ಸುತ್ತಿಗೆ ಎತ್ತಿದ.

"ಬಿಚ್ಚಿ ನೋಡಿ!" ಎಂದು ಕೂಗಿದಳು. "ಮೊದಲು ಮಿಷನ್ ಬಿಚ್ಚಿ ನೋಡಿ, ಆಮೇಲೆ ಹೊಡೀರಿ! ನನ್ನ ಬೆಸುಗೆ ಹೊಳೆಯುತ್ತೆ. ಅವರದು ಮಂಕು. ಎಲ್ಲಿ ಕೆಟ್ಟಿದೆಯೋ ಅಲ್ಲಿ ಯಾರ ಬೆಸುಗೆ ಇದೆ ಅಂತ ನೀವೇ ನೋಡಿ!"

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಗೂಳಿ ಒರಟನೇ ಹೊರತು ದಡ್ಡನಲ್ಲ. ಅವಳ ಕೈಯನ್ನು ವೈಸಿನಲ್ಲೇ ಬಿಟ್ಟು, ಕಂಪ್ಯೂಟರಿನಿಂದ ಫ್ಯಾನುಗಳನ್ನು ವೈರಿನ ಸಮೇತ ಎಳೆದು ಹಾಕಿದ. ಮೇಜಿನ ದೀಪವಿದ್ದ ಭೂತಗನ್ನಡಿಯನ್ನು ಅವುಗಳ ಮೇಲೆ ಬಗ್ಗಿಸಿದ. ಬೆಸುಗೆಯ ಮೇಲೆ ಎಲ್ಲರೂ ಕರಿ ಪ್ಲಾಸ್ಟಿಕ್ ಕೊಳವೆ ಹಾಕುತ್ತಾರೆ. ಅವಳು ಹಾಕುತ್ತಿದ್ದದ್ದು ಒಳಗಿನದು ಕಾಣುವಂಥ ಬಣ್ಣವಿಲ್ಲದ ಕೊಳವೆ. ಯಾರಾದರೂ ಒಂದು ದಿನ ನೋಡಿಯಾರು ಎಂಬ ಆಸೆ.

ಗೂಳಿ ನೋಡಿದ. ಮೊದಲ ಫ್ಯಾನು, ಎರಡನೆಯದು, ಮೂರನೆಯದು. ಒಂದೊಂದೇ ಚುಕ್ಕೆಯ ಮೇಲೆ ಭೂತಗನ್ನಡಿ ಸರಿಸುತ್ತಾ, ಅಷ್ಟೂ ಬೆಸುಗೆಗಳನ್ನು ಬಿಡದೆ ನೋಡಿದ. ಅವಳ ಕೆಲಸವನ್ನು ಅಷ್ಟು ಗಮನವಿಟ್ಟು ನೋಡಿದ ಮೊದಲ ಮನುಷ್ಯ ಅವನೇ. ಬೆರಳು ಸಿಡಿಯುತ್ತಿದ್ದರೂ ಅವಳಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಮರುಕ್ಷಣ ಅಳು ಬಂತು.

"ಚೆನ್ನಾಗಿದೆ ಕಣಕ್ಕ ಕೆಲಸ," ಎಂದ ಅವನು.

"ಈಗ ಹಳದಿ ವೈರ್ ಹಿಡ್ಕೊಂಡು ಬನ್ನಿ. ಅದು ಎರಡಾಗೋ ಜಾಗ ಸಿಕ್ತಾ?"

"ಸಿಕ್ತು."

"ರೆಗ್ಯುಲೇಟರ್ ಅದಕ್ಕಿಂತ ಹಿಂದೆ ಇದೆಯಾ, ಮುಂದೆ ಇದೆಯಾ?"

"ಹಿಂದೆ." ಅಲ್ಲಿದ್ದದ್ದು ಬೂದಿ ಬಣ್ಣದ ಬೆಸುಗೆಯ ಒಂದು ಗಡ್ಡೆ.

"ಹಾಗಾದ್ರೆ ನೀವು ದೀಪ ಸಣ್ಣ ಮಾಡಿದಾಗ ಫ್ಯಾನೂ ಸಣ್ಣ ಆಗಿದೆ. ಅದು ಅವರು ಹಾಕಿದ್ದು. ನಿಮ್ಮ ಎದುರಿಗೇ ಹಾಕಿದ್ರು. ಎದ್ದು ನಿಂತು ಏನಂದ್ರು, ನೆನಪು ಮಾಡ್ಕೊಳ್ಳಿ."

ಗೂಳಿಗೆ ನೆನಪಿತ್ತು. "ನನ್ನ ಕೈಯಾರೆ," ಎಂದು ನಿಧಾನವಾಗಿ ಹೇಳಿದ. ವೈಸಿನ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಅವಳ ಕೈ ಬಿಡಿಸಿದ.

ಅಷ್ಟರಲ್ಲಿ ಮಾಸ್ಟರ್ ಬಾಗಿಲಿಗೆ ಓಡಿದ್ದ. ಓರೆಯಾಗಿ ಸಿಕ್ಕಿಕೊಂಡಿದ್ದ ಬಾಗಿಲು ತಳ್ಳಿದರೂ ಬರಲಿಲ್ಲ, ಎಳೆದರೂ ಬರಲಿಲ್ಲ. ಗೂಳಿ ಅವನ ಕತ್ತಿನ ಪಟ್ಟಿ ಹಿಡಿದು ಮೇಜಿಗೆ ತಂದ. ವೈಸಿಗೆ ಹಾಕುವ ತಾಳ್ಮೆಯೂ ಅವನಿಗಿರಲಿಲ್ಲ. ಬಲಗೈಯನ್ನು ಮೇಜಿಗೆ ಒತ್ತಿ ಹಿಡಿದು ಹೊಡೆದ. ಹಸಿ ಕಡ್ಡಿ ಮುರಿದ ಸದ್ದು ಬಂತು. ಮತ್ತೆ ಹೊಡೆದ. ಮೂರನೆಯ ಹೊಡೆತಕ್ಕೆ ಕಿರುಚುವುದು ನಿಂತು ಬರೀ ಉಸಿರಿನ ಸದ್ದು ಉಳಿಯಿತು. ಮೇಜಿನ ಮೇಲಿದ್ದ ಎಲ್‌ಇಡಿ ಕಾಳುಗಳಿಗೆ ರಕ್ತ ಮೆತ್ತಿಕೊಂಡಿತು.

ಮಾಡಿದ್ದುಣ್ಣೋ ಮಹಾರಾಯ ಎಂದು ಅವಳ ಒಳಗೆ ಯಾರೋ ಹೇಳಿದರು. ಅದು ತನ್ನದೇ ದನಿ ಎಂದು ಗೊತ್ತಾಗಿ ಮೈ ಜುಮ್ಮೆಂದಿತು.

ಗೂಳಿ ಮಾಸ್ಟರನ ಎಡಗೈಯನ್ನೂ ಎಳೆದುಕೊಂಡ. ಆಗ ಅವಳು ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಬೆಸುಗೆಯ ಸಾಲ್ಡರಿಂಗ್ ಐರನ್ನನ್ನು ಎಡಗೈಯಲ್ಲಿ ತೆಗೆದು ಗೂಳಿಯ ಕತ್ತಿಗೆ ಒತ್ತಿದಳು. ಚರ್ಮ ಚುರ್ ಎಂದಿತು. ಸುತ್ತಿಗೆ ಅವನ ಕಾಲ ಮೇಲೇ ಬಿತ್ತು. ಅವನು ಬೊಬ್ಬಿಟ್ಟು ತಿರುಗುವಷ್ಟರಲ್ಲಿ ಐರನ್ನಿನ ತುದಿ ಅವನ ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿತ್ತು.

"ಅವರು ಹಾಕಿದ್ದು ಒಂದೇ ಬೆಸುಗೆ," ಎಂದಳು. "ಒಂದು ಕೈ ಆಯ್ತು. ಇನ್ನೊಂದು ಮುಟ್ಟಿದ್ರೆ ಇದು ಕಣ್ಣೊಳಗೆ ಹೋಗುತ್ತೆ."

ಎಡಗೈಯಾದರೂ ಅದು ನಡುಗುತ್ತಿರಲಿಲ್ಲ. ಗೂಳಿ ಅದನ್ನು ಗಮನಿಸಿದ. ಕತ್ತು ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಮಿಷನ್ನು?"

"ಇಲ್ಲೇ ಬಿಡಿ. ನಾಳಿದ್ದು ಬನ್ನಿ."

ಅವನು ಬಾಗಿಲನ್ನು ಪೂರ್ತಿ ಕಿತ್ತು ಬೀದಿಗೆ ಎಸೆದು ಹೋದ.

ಅವಳು ಗಂಡನ ಪಕ್ಕ ಕುಳಿತು, ಅವನ ಕೈಗೆ ಬಟ್ಟೆ ಸುತ್ತಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ನಾನು ಬೆಸುಗೆ ಹಾಕೋವಾಗ ನೀನು ಅಲ್ಲೇ ಇದ್ದೆ," ಎಂದ ಹಲ್ಲು ಕಚ್ಚಿ. "ತಪ್ಪು ಅಂತ ಗೊತ್ತಿತ್ತು ನಿನಗೆ."

"ಗೊತ್ತಿತ್ತು ರೀ."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ತನ್ನ ಎಡಗಿವಿಯನ್ನು ಮುಟ್ಟಿಕೊಂಡಳು. "ಹೋದ ತಿಂಗಳು ಹೇಳಿದ್ದೆನಲ್ಲ," ಎಂದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದಾಗ ಅವನು ಕೈ ಬಾಗಿಲಿಗೆ ಸಿಕ್ಕಿತು ಎಂದ. ನಾಲಗೆಯ ಹುಳದ ಭಯ ಅಂದಿಗೆ ಹೋಯಿತೇನೋ.

ಮೂರನೆಯ ದಿನ ಮಧ್ಯಾಹ್ನ ಅವಳು ಗೂಳಿಯ ಕೆಲಸ ಮುಗಿಸುತ್ತಿದ್ದಳು. ಸುಟ್ಟುಹೋದ ಭಾಗ ಬದಲಾಗಿತ್ತು, ಹೊಸ ಗಾಜು ಬಂದಿತ್ತು. ಊದಿದ ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡು, ಉಳಿದವುಗಳಲ್ಲಿ ಐರನ್ ಹಿಡಿದಿದ್ದಳು. ರೆಗ್ಯುಲೇಟರಿನ ಒಂದು ವೈರು ಮಾತ್ರ ಬಾಕಿ ಇದ್ದಾಗ ಅಭ್ಯಾಸಬಲದಿಂದ ಐರನ್ನನ್ನು ಸ್ಟ್ಯಾಂಡಿಗಿಟ್ಟು ಕುರ್ಚಿಯಿಂದ ಎದ್ದಳು. ಮೂಲೆಯ ಸ್ಟೂಲಿನಲ್ಲಿದ್ದ ಮಾಸ್ಟರೂ ಅಭ್ಯಾಸಬಲದಿಂದ ಅರ್ಧ ಎದ್ದ. ಮೊಣಕೈವರೆಗಿನ ಪ್ಲಾಸ್ಟರನ್ನು ನೋಡಿ ಮತ್ತೆ ಕುಳಿತ.

ಅವಳೂ ಕುಳಿತಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೊನೆಯ ಬೆಸುಗೆಯನ್ನು ತಾನೇ ಹಾಕಿದಳು. ಅದು ಹೊಳೆಯಿತು.

ಗೂಳಿ ಬಂದಾಗ ಕತ್ತಿಗೆ ಬಿಳಿ ಪಟ್ಟಿ ಇತ್ತು. ಜೊತೆಯಲ್ಲಿ ಅವನ ಹಾಲ್‌ನ ಇಬ್ಬರು ಇದ್ದರು. ಅವನು ಸ್ವಿಚ್ ಹಾಕಿ, ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿದ. ಕೆಂಪು ಬೆಳಕು ಕಿಡಿಯಷ್ಟಾಯಿತು, ಫ್ಯಾನುಗಳು ಅದೇ ವೇಗದಲ್ಲಿ ತಿರುಗುತ್ತಿದ್ದವು. ಅಂಗೈ ಒಡ್ಡಿ ಗಾಳಿ ನೋಡಿದ. ಆಮೇಲೆ ತಲೆ ಎತ್ತಿ, ಯಾರನ್ನೂ ನೋಡದೆ, ಆ ದಿನದ ಪ್ರಶ್ನೆಯನ್ನೇ ಕೇಳಿದ.

"ಯಾರ ಕೈಕೆಲಸ ಇದು?"

ಮಾಸ್ಟರ್ ನೆಲ ನೋಡಿದ.

"ನಂದು," ಎಂದಳು ಅವಳು.

ಹೇಳುವಾಗ ಅವಳ ಬಲಗೈ ತಾನಾಗಿಯೇ ಮೇಜಿನ ಕೆಳಗೆ ಸರಿದಿತ್ತು. ಅದು ಗೊತ್ತಾದ ಕೂಡಲೇ ಮೇಲೆ ತೆಗೆದು, ಎಲ್ಲರಿಗೂ ಕಾಣುವಂತೆ ವೈಸಿನ ಪಕ್ಕದಲ್ಲೇ ಇಟ್ಟಳು.